ಎಲ್ಲ ವಯಸ್ಸಿನವರಿಗೂ ತೆರೆದ ಸಂಗೀತ ತಾಣ: ಕಾಸರಗೋಡಿನಂಥ ಪೇಟೆಯಲ್ಲಿ ಸ್ವಂತ ಶ್ರಮದಿಂದ ಕಟ್ಟಿ ನಡೆಸುವ ಬಗೆ

ಕಾಸರಗೋಡಿಗೆ ವೇದಿಕೆಗಳ ಕೊರತೆಯಿಲ್ಲ. ದೇವಸ್ಥಾನದ ಅಂಗಳ, ಶಾಲೆಯ ಮೈದಾನ, ಭಜನಾ ಮಂದಿರ, ಊರೂರಿನ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬುಗಳ ವಾರ್ಷಿಕೋತ್ಸವ ಎಲ್ಲವೂ ಇವೆ. ಇಲ್ಲದಿರುವುದು ಸಣ್ಣದಾದ, ಮಾಸಕ್ಕೆ ನಾಲ್ಕು ಸಂಜೆ ತಪ್ಪದೆ ಬಾಗಿಲು ತೆರೆಯುವ, ಎಂಬತ್ತು ಮಂದಿ ಕುಳಿತು ಕೇಳಬಹುದಾದ ಒಂದು ಕೋಣೆ. ಕೇರಳದ ಶಾಲಾ ಕಲೋತ್ಸವಕ್ಕಾಗಿ ನಮ್ಮ ಮಕ್ಕಳು ವಯಲಿನ್, ಗಿಟಾರ್, ಮೃದಂಗ, ಮಾಪ್ಪಿಳಪ್ಪಾಟ್ಟು, ಯಕ್ಷಗಾನ ಎಲ್ಲವನ್ನೂ ಶ್ರದ್ಧೆಯಿಂದ ಕಲಿಯುತ್ತಾರೆ. ಎ ಗ್ರೇಡ್ ಸಿಕ್ಕಿದ ಮೇಲೆ ಮುಂದಿನ ವರ್ಷದವರೆಗೆ ನುಡಿಸಲು ಜಾಗವಿರುವುದಿಲ್ಲ. ಬ್ಯಾಂಡ್ ಕಟ್ಟಿಕೊಂಡ ಕಾಲೇಜು ಹುಡುಗರು ಮಂಗಳೂರಿನತ್ತ ನೋಡುತ್ತಾರೆ, ಅಲ್ಲಿಯ ಪಬ್ಬುಗಳಿಗೆ ಅವರ ತಮ್ಮ ತಂಗಿಯರು ಹೋಗುವಂತಿಲ್ಲ.

ಇಂಥ ತಾಣಗಳಿಗೆ ಹೊರಗೆ ಒಳ್ಳೆಯ ಮಾದರಿಗಳಿವೆ. ಅಮೆರಿಕದ ಬರ್ಕ್ಲಿಯಲ್ಲಿ 1986ರ ಡಿಸೆಂಬರ್ 31ರಂದು ತೆರೆದ 924 ಗಿಲ್ಮನ್ ಸ್ಟ್ರೀಟ್ ಎಂಬ ತಾಣ ಸ್ವಯಂಸೇವಕರ ಕೈಯಲ್ಲಿ, ಲಾಭದ ಉದ್ದೇಶವಿಲ್ಲದೆ, ಮದ್ಯವಿಲ್ಲದೆ, ವಯಸ್ಸಿನ ಮಿತಿಯಿಲ್ಲದೆ ದಶಕಗಳ ಕಾಲ ನಡೆದುಬಂದಿದೆ. ಕಡಿಮೆ ದರದ ಸದಸ್ಯತ್ವ ಚೀಟಿ, ಬಾಗಿಲಲ್ಲೇ ಬರೆದಿಟ್ಟ ನಿಯಮಗಳು, ಸದಸ್ಯರ ಸಭೆಯಲ್ಲಿ ತೀರ್ಮಾನ, ಇವಿಷ್ಟೇ ಅದರ ಬಂಡವಾಳ. ಅಲ್ಲಿಯ ಪಂಕ್ ಸಂಗೀತ ನಮ್ಮ ಊರಿಗೆ ಒಗ್ಗುತ್ತದೆಯೋ ಇಲ್ಲವೋ ಬೇರೆ ಮಾತು, ನಿಯಮಗಳಂತೂ ಒಗ್ಗುತ್ತವೆ.

ಮೊದಲು ಗಡಿಯಾರ, ಆಮೇಲೆ ಕೋಣೆ

ಎಲ್ಲ ವಯಸ್ಸಿನವರಿಗೂ ಪ್ರವೇಶ ಎಂದು ಪೋಸ್ಟರಿನಲ್ಲಿ ಬರೆಯುವುದು ಸುಲಭ. ಬದಿಯಡ್ಕದ ಕಡೆಯಿಂದ ಬರುವ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಾರ್ಯಕ್ರಮವನ್ನು ಪೂರ್ತಿ ಕೇಳಿ, ಕೊನೆಯ ಬಸ್ಸಿಗಿಂತ ಮುಂಚಿನ ಬಸ್ಸನ್ನು ಹಿಡಿದು ಮನೆ ಸೇರುವಂತಿದ್ದರೆ ಮಾತ್ರ ಆ ಬರಹ ನಿಜವಾಗುತ್ತದೆ. ಆದ್ದರಿಂದ ಕೋಣೆ ಹುಡುಕುವ ಮೊದಲು, ಸ್ಪೀಕರ್ ಕೊಳ್ಳುವ ಮೊದಲು, ಸಮಯವನ್ನು ನಿರ್ಧರಿಸಬೇಕು. ನನ್ನ ಮಟ್ಟಿಗೆ ಸಂಜೆ ನಾಲ್ಕೂವರೆಗೆ ಬಾಗಿಲು ತೆರೆದು, ಐದಕ್ಕೆ ಆರಂಭಿಸಿ, ಏಳೂವರೆಗೆ ಕೊನೆಗೊಳಿಸುವುದೇ ನಮ್ಮ ಊರಿಗೆ ಸರಿಯಾದ ಕ್ರಮ. ಮುಳ್ಳೇರಿಯ, ಪೆರ್ಲ, ಕುಂಬಳೆ, ಉಪ್ಪಳ, ಕಾಞಂಗಾಡ್ ಕಡೆಗಳ ಬಸ್ಸು ಮತ್ತು ರೈಲಿನ ವೇಳೆಯನ್ನು ಬರೆದು ಗೋಡೆಗೆ ಅಂಟಿಸಿ. ಕಾರ್ಯಕ್ರಮದ ಪಟ್ಟಿಯನ್ನು ಅದಕ್ಕೆ ಹೊಂದಿಸಿ.

ಈ ಒಂದು ತೀರ್ಮಾನದಿಂದ ಉಳಿದ ಅನೇಕ ತೀರ್ಮಾನಗಳು ತಾವಾಗಿಯೇ ಹೊರಬರುತ್ತವೆ. ರಾತ್ರಿ ಹತ್ತರ ಧ್ವನಿವರ್ಧಕ ನಿಷೇಧ ನಿಮ್ಮನ್ನು ಎಂದೂ ತಟ್ಟುವುದಿಲ್ಲ. ನೆರೆಮನೆಯವರು ಊಟಕ್ಕೆ ಕುಳಿತುಕೊಳ್ಳುವ ಹೊತ್ತಿಗೆ ಸದ್ದು ನಿಂತಿರುತ್ತದೆ. ಕೇರಳದಲ್ಲಿ ಮದ್ಯ ಸೇವನೆಗೆ ಕನಿಷ್ಠ ವಯಸ್ಸು 23 ಆಗಿರುವುದರಿಂದ ಮದ್ಯದ ಆದಾಯವನ್ನು ನೆಚ್ಚಿದ ಯಾವ ತಾಣವೂ ಎಲ್ಲ ವಯಸ್ಸಿನವರದಾಗಿ ಉಳಿಯಲಾರದು. ಸಂಜೆಯ ಹೊತ್ತನ್ನು ಆರಿಸಿಕೊಂಡವರಿಗೆ ಆ ಆಸೆಯೇ ಹುಟ್ಟುವುದಿಲ್ಲ. ದೂರದಿಂದ ಬಂದ ಅತಿಥಿ ಕಲಾವಿದರನ್ನು ಕೊನೆಗೆ ಇಡುವ ರೂಢಿಯನ್ನೂ ಬಿಟ್ಟುಬಿಡಿ. ಅವರು ಮಧ್ಯದಲ್ಲಿ ಹಾಡಿದರೆ ಬೇಗ ಹೊರಡಬೇಕಾದವರಿಗೂ ಮುಖ್ಯ ಭಾಗ ತಪ್ಪುವುದಿಲ್ಲ, ಕೊನೆಯಲ್ಲಿ ಹಾಡುವ ಸ್ಥಳೀಯ ಮಕ್ಕಳಿಗೆ ಅವರ ಮನೆಯವರಾದರೂ ಉಳಿದೇ ಉಳಿಯುತ್ತಾರೆ.

ಏಳು ಮಂದಿ ಮತ್ತು ಒಂದು ಕಾಗದ

ಒಬ್ಬರ ಹೆಸರಿನಲ್ಲಿ ಬಾಡಿಗೆ, ಇನ್ನೊಬ್ಬರ ಖಾತೆಯಲ್ಲಿ ಹಣ, ಮತ್ತೊಬ್ಬರ ಮನೆಯಲ್ಲಿ ಮೈಕ್ ಎಂಬ ಸ್ಥಿತಿ ಒಂದು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಕಾಸರಗೋಡು ಹಳೆಯ ಮಲಬಾರ್ ವಿಭಾಗಕ್ಕೆ ಸೇರಿರುವುದರಿಂದ ಇಲ್ಲಿ ಸಂಘಗಳ ನೋಂದಣಿ 1860ರ ಸಂಘಗಳ ನೋಂದಣಿ ಕಾಯ್ದೆಯಡಿ ನಡೆಯುತ್ತದೆ. ಕನಿಷ್ಠ ಏಳು ಮಂದಿ ಬೇಕು. ಬ್ಯಾಂಕಿನಲ್ಲಿ ಇಬ್ಬರ ಸಹಿಯ ಖಾತೆ ತೆರೆಯಿರಿ. ಹದಿನೆಂಟು ತುಂಬದವರು ಕಾನೂನುಬದ್ಧ ಪದಾಧಿಕಾರಿಗಳಾಗುವಂತಿಲ್ಲವಾದರೂ, ಯಾವ ತಂಡವನ್ನು ಕರೆಯಬೇಕು ಎಂದು ನಿರ್ಧರಿಸುವ ಕಾರ್ಯಕ್ರಮ ಸಮಿತಿಯಲ್ಲಿ ಅವರಿಗೆ ಅರ್ಧದಷ್ಟು ಸ್ಥಾನವಿರಲಿ. ಮಕ್ಕಳಿಗಾಗಿ ದೊಡ್ಡವರು ಆರಿಸಿದ ಕಾರ್ಯಕ್ರಮಕ್ಕೆ ಮಕ್ಕಳು ಬರುವುದಿಲ್ಲ ಎಂಬುದನ್ನು ವಾರ್ಷಿಕೋತ್ಸವಗಳಲ್ಲಿ ಎಲ್ಲರೂ ಕಂಡಿದ್ದೇವೆ.

ಕೋಣೆಯನ್ನು ಆರಿಸುವುದು

ಹಳೆಯ ಬಸ್‌ಸ್ಟ್ಯಾಂಡಿನಿಂದಲೋ ಹೊಸ ಬಸ್‌ಸ್ಟ್ಯಾಂಡಿನಿಂದಲೋ ನಡೆದೇ ತಲುಪುವ ದೂರ ಮೊದಲ ಶರತ್ತು. ವಿದ್ಯಾನಗರದಲ್ಲಿ ಕಾಲೇಜೂ ಇದೆ, ಹುಡುಗರೂ ಇದ್ದಾರೆ, ಆದರೆ ಕಾಲೇಜು, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಲ್ಲದು ಎಂಬುದನ್ನು ಮರೆಯಬಾರದು. ಆಸ್ಪತ್ರೆಗಳಿಗೂ ಇದೇ ಮಾತು ಸಲ್ಲುತ್ತದೆ. ಪೇಟೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಜಾಗ ಸಿಗುತ್ತದೆ: ಖಾಲಿ ಬಿದ್ದ ಅಡಿಕೆ ಗೋದಾಮು, ಅಂಗಡಿ ಸಾಲಿನ ಮೇಲ್ಮಹಡಿ, ಬಳಕೆಯಿಲ್ಲದ ಹಳೆಯ ಮನೆ. ಗೋದಾಮಿನ ಗೋಡೆ ದಪ್ಪ, ಬಾಗಿಲು ಅಗಲ, ನೆಲಮಟ್ಟದಲ್ಲಿರುತ್ತದೆ. ಮಾಡು ಮಾತ್ರ ಶೀಟಿನದಾಗಿದ್ದರೆ ಜುಲೈ ತಿಂಗಳ ಮಳೆಯಲ್ಲಿ ಹಾಡುಗಾರನ ದನಿಗಿಂತ ಮಳೆಯ ದನಿಯೇ ಮೇಲಾಗುತ್ತದೆ. ಹಂಚಿನ ಮಾಡಿನಲ್ಲಿ ಮಳೆಯ ಗದ್ದಲ ಕಡಿಮೆ, ಆದರೆ ಹಂಚುಗಳ ಸಂದಿಯಿಂದ ಒಳಗಿನ ಸದ್ದು ಸಲೀಸಾಗಿ ಹೊರಗೆ ಹೋಗುತ್ತದೆ. ಮೇಲ್ಮಹಡಿಯ ಹಾಲ್ ಅಗ್ಗಕ್ಕೆ ಸಿಗುತ್ತದೆ. ಬಹುಪಾಲು ಅಂಥವುಗಳಿಗೆ ಇರುವುದು ಒಂದೇ ಇಕ್ಕಟ್ಟಾದ ಮೆಟ್ಟಿಲು. ಎರಡನೆಯ ದಾರಿಯಿಲ್ಲದ ಕೋಣೆಯನ್ನು ಎಷ್ಟು ಅಗ್ಗವಾದರೂ ಬೇಡವೆನ್ನಿ.

ಇದು ಅತಿ ಜಾಗ್ರತೆ ಎಂದು ತೋರಿದರೆ ಕೊಚ್ಚಿಯ ಘಟನೆಯನ್ನು ನೆನೆಯಬಹುದು. 2023ರ ನವೆಂಬರ್ 25ರಂದು ಅಲ್ಲಿಯ ಕುಸಾಟ್ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ಜನ ಗೇಟಿನ ಒಳಗಿನ ಕಡಿದಾದ ಮೆಟ್ಟಿಲುಗಳತ್ತ ಒಮ್ಮೆಗೇ ನುಗ್ಗಿ ನಾಲ್ವರು ಸತ್ತರು. ಮಳೆ, ಮೆಟ್ಟಿಲು, ಕಿರಿದಾದ ಪ್ರವೇಶ, ಕಾರ್ಯಕ್ರಮ ಶುರುವಾಗುವ ಆತುರ, ಈ ನಾಲ್ಕೂ ನಮ್ಮ ಊರಿನಲ್ಲಿ ಯಾವ ಸಂಜೆಯಾದರೂ ಒಟ್ಟಿಗೆ ಬರಬಹುದು. ಆದ್ದರಿಂದ ಕಾಯುವವರಿಗೆ ಮಾಡಿನ ಕೆಳಗೆ ಜಾಗವಿರಬೇಕು, ಬಾಗಿಲು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ತೆರೆಯಬೇಕು, ಮತ್ತು ಬಾಗಿಲುಗಳು ಹೊರಮುಖವಾಗಿ ತೆರೆದುಕೊಳ್ಳಬೇಕು.

ಎಷ್ಟು ಮಂದಿಯನ್ನು ಸೇರಿಸಬಹುದು ಎಂಬುದನ್ನು ಅಂದಾಜಿನಿಂದ ಹೇಳಬಾರದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ನೆಲಕ್ಕೆ ಜೋಡಿಸದ ಕುರ್ಚಿಗಳನ್ನು ಒತ್ತಾಗಿ ಹಾಕುವ ಸಭಾಂಗಣದಲ್ಲಿ ತಲಾ 0.65 ಚದರ ಮೀಟರಿನಂತೆ ಲೆಕ್ಕ ಹಾಕುತ್ತದೆ. ಸಾವಿರ ಚದರಡಿಯ ಕೋಣೆಯೆಂದರೆ ಸುಮಾರು 93 ಚದರ ಮೀಟರ್. ವೇದಿಕೆ, ಮಿಕ್ಸರ್ ಮೇಜು, ಚಹಾದ ಕೌಂಟರ್, ಓಡಾಟದ ದಾರಿ ಇವಕ್ಕೆಂದು 30 ಕಳೆದರೆ 63 ಉಳಿಯುತ್ತದೆ, ಲೆಕ್ಕಕ್ಕೆ 96 ಮಂದಿ. ಲೆಕ್ಕ ತೊಂಬತ್ತಾರು ಎಂದರೂ ಎಂಬತ್ತಕ್ಕೆ ನಿಲ್ಲಿಸಿ. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಬರುವವರು ಇರುತ್ತಾರೆ, ಗಾಲಿಕುರ್ಚಿಗೆ ಜಾಗ ಬೇಕು, ಸೆಕೆಗೆ ಗಾಳಿ ಬೇಕು. ಎಂಬತ್ತನೆಯವರು ಬಂದ ಮೇಲೆ ಕೌನ್ಸಿಲರರೇ ಬಂದರೂ ಹೊರಗೇ ನಿಲ್ಲಬೇಕು.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಗೆಳೆಯರೊಬ್ಬರನ್ನು ಚೆಂಡೆಯೊಂದಿಗೆ ಕೋಣೆಯಲ್ಲಿ ನಿಲ್ಲಿಸಿ ಐದು ನಿಮಿಷ ಬಾರಿಸಲು ಹೇಳಿ, ನೀವು ಹಿಂಬದಿಯ ಮನೆಯವರ ಅನುಮತಿ ಕೇಳಿ ಅವರ ಅಡುಗೆಮನೆಯಲ್ಲಿ ನಿಂತು ಕೇಳಿ. ಆಮೇಲೆ ಸ್ಪೀಕರಿನಲ್ಲಿ ಬೇಸ್ ಗಿಟಾರಿನ ಧ್ವನಿಮುದ್ರಣ ಹಾಕಿಸಿ. ಚೆಂಡೆ ಕಿವಿಗೆ ಚುಚ್ಚಿದರೂ ಗೋಡೆ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಬೇಸ್ ಸದ್ದು ಕಿವಿಗೆ ಮೆತ್ತಗೆ ಕೇಳಿದರೂ ಗೋಡೆಯನ್ನು ದಾಟಿ ಬಂದು ಪಾತ್ರೆಯ ಸ್ಟ್ಯಾಂಡಿನ ಲೋಟಗಳನ್ನು ಅಲುಗಿಸುತ್ತದೆ. ಲೋಟ ಅಲುಗಿದರೆ ಆ ಕೋಣೆಯಲ್ಲಿ ಬ್ಯಾಂಡ್ ನಡೆಯದು, ತಾಳಮದ್ದಳೆ ನಡೆದೀತು.

ಬಾಡಿಗೆ ಪತ್ರದಲ್ಲಿ ಸಂಗೀತ ಕಾರ್ಯಕ್ರಮ, ಜನ ಸೇರುವುದು, ಧ್ವನಿವರ್ಧಕದ ಬಳಕೆ ಎಂದು ಉದ್ದೇಶವನ್ನು ಬಿಡಿಸಿ ಬರೆಸಿ. ಹನ್ನೊಂದು ತಿಂಗಳ ಕರಾರಿನ ಮೇಲೆ ಗೋಡೆಗೆ ಹಣ ಸುರಿಯುವುದು ವಿವೇಕವಲ್ಲ. ಮೂರು ವರ್ಷಕ್ಕೆ ಕೇಳಿ, ಸಿಗದಿದ್ದರೆ ಕಳಚಿ ಒಯ್ಯಬಹುದಾದದ್ದನ್ನು ಮಾತ್ರ ಅಳವಡಿಸಿ.

ಅನುಮತಿಗಳು

ಜನ ಸೇರುವ ಮನರಂಜನಾ ಸ್ಥಳಗಳಿಗೆ 1963ರ ಕೇರಳ ಸಾರ್ವಜನಿಕ ಸಮಾವೇಶ ಸ್ಥಳಗಳ ಕಾಯ್ದೆಯಡಿ ಸ್ಥಳೀಯಾಡಳಿತದ ಪರವಾನಗಿ ಬೇಕು. ಅರ್ಜಿ ಹಾಕುವ ಮೊದಲು ನಗರಸಭೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಆ ಕಟ್ಟಡ ಯಾವ ಬಳಕೆಗೆಂದು ದಾಖಲಾಗಿದೆ ಎಂದು ಕೇಳಿ. ಕೇರಳದ ಕಟ್ಟಡ ನಿಯಮಗಳಲ್ಲಿ ಸಭಾಂಗಣಗಳು ಬೇರೆಯೇ ಗುಂಪು. ಅಂಗಡಿಯೆಂದು ದಾಖಲಾದ ಕಟ್ಟಡಕ್ಕೆ ಬಳಕೆಯ ಬದಲಾವಣೆ ಮಾಡಿಸಬೇಕಾದೀತು, ಅದಕ್ಕೆ ಮಾಲೀಕರ ಸಹಿ ಬೇಕಾಗುತ್ತದೆ. ಮಾಲೀಕರು ಆ ಸಹಿಗೆ ಒಪ್ಪುತ್ತಾರೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಿ. ಅಗ್ನಿಶಾಮಕ ಠಾಣೆಯವರನ್ನು ಕಾಗದಕ್ಕಾಗಿ ಮಾತ್ರ ಕರೆಯದೆ, ಒಮ್ಮೆ ಬಂದು ಕೋಣೆ ನೋಡಿರೆಂದು ವಿನಂತಿಸಿ. ಎಲ್ಲಿ ಬೆಂಕಿ ಹತ್ತಬಹುದು ಎಂಬುದು ಅವರ ಕಣ್ಣಿಗೆ ನಮಗಿಂತ ಮೊದಲೇ ಬೀಳುತ್ತದೆ.

ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕು. ಮೈಕ್ ಸ್ಯಾಂಕ್ಷನ್ ಎಂದು ಎಲ್ಲರೂ ಕರೆಯುವ ಈ ಅನುಮತಿಯನ್ನು ಪೊಲೀಸರು ಕೊಡುತ್ತಾರೆ. ಕೇರಳ ಪೊಲೀಸರ ತುಣ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗಿನ ನಿರ್ಬಂಧದಿಂದ ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆ, ಆದರೆ ಹೊರಗೆ ಕೇಳಿಸುವ ಸದ್ದಿಗೆ ಮಿತಿ ಇದ್ದೇ ಇದೆ. ಹಗಲಿನ ಮಿತಿ ವಸತಿ ಪ್ರದೇಶದಲ್ಲಿ 55 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 65, ನಿಶ್ಶಬ್ದ ವಲಯದಲ್ಲಿ 50. ಖಾಸಗಿ ಜಾಗದ ಗಡಿಯಲ್ಲಿ ಅಳೆದಾಗ ನಿಮ್ಮ ಸದ್ದು ಆ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು.

ಅರ್ಜಿಯ ಭಾಷೆಯ ಬಗ್ಗೆ ಒಂದು ಮಾತು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ನಮಗಿದೆ, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಶನಿವಾರದ ಕಾರ್ಯಕ್ರಮಕ್ಕೆ ಗುರುವಾರ ಅನುಮತಿ ಬೇಕಾದಾಗ, ಮೇಜಿನ ಆಚೆಗಿರುವ ಅಧಿಕಾರಿ ತಿರುವನಂತಪುರದ ಕಡೆಯವರಾಗಿದ್ದರೆ, ಕನ್ನಡ ಅರ್ಜಿಯ ಹಿಂದೆ ಮಲಯಾಳದ ಪ್ರತಿಯೊಂದನ್ನು ಲಗತ್ತಿಸುವುದರಿಂದ ಕೆಲಸ ಬೇಗ ಆಗುತ್ತದೆ. ಪೋಸ್ಟರೂ ಎರಡು ಭಾಷೆಗಳಲ್ಲಿರಲಿ. ಸಭೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನವರೆಲ್ಲ ಇರುತ್ತಾರೆ.

ತೆರಿಗೆಯ ವಿಷಯ ಭಯಪಡುವಷ್ಟು ದೊಡ್ಡದಲ್ಲ. ತಲಾ 500 ರೂಪಾಯಿ ಮೀರದ ಸಂಗೀತ ಕಾರ್ಯಕ್ರಮದ ಟಿಕೆಟಿಗೆ ಜಿಎಸ್‌ಟಿ ವಿನಾಯಿತಿ ಇದೆ. ನಮ್ಮ ಟಿಕೆಟ್ ನೂರನ್ನು ದಾಟುವುದೇ ಅಪರೂಪ. ಸ್ಥಳೀಯಾಡಳಿತ ವಿಧಿಸುವ ಮನರಂಜನಾ ತೆರಿಗೆ ಬೇರೆ, ಅದನ್ನು ನಗರಸಭೆಯ ಕಂದಾಯ ವಿಭಾಗದಲ್ಲಿ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಚಹಾ ತಿಂಡಿ ಮಾರುವವರು ಆಹಾರ ಸುರಕ್ಷತಾ ನೋಂದಣಿ ಪಡೆದವರಾಗಿರಲಿ.

ಹಕ್ಕುಸ್ವಾಮ್ಯವನ್ನು ಹೆಚ್ಚಿನವರು ಮರೆಯುತ್ತಾರೆ. ಸಿನಿಮಾ ಹಾಡನ್ನು ಟಿಕೆಟ್ ಇಟ್ಟು ವೇದಿಕೆಯಲ್ಲಿ ಹಾಡಿದರೆ ಗೀತರಚನೆಕಾರರ, ಸಂಗೀತ ಸಂಯೋಜಕರ ಹಕ್ಕಿನ ಪರವಾಗಿ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ಬೇಕಾಗುತ್ತದೆ. ಧ್ವನಿಮುದ್ರಣ ಹಾಕಿದರೆ ಮುದ್ರಣದ ಹಕ್ಕು ಬೇರೆ. ಹವ್ಯಾಸಿ ಸಂಘವೊಂದು ಪ್ರವೇಶಧನ ಪಡೆಯದೆ ಪ್ರದರ್ಶಿಸಿದರೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಕೃತಿಗಳಿಗೆ ಯಾರ ಅನುಮತಿಯೂ ಬೇಡ, ಆದ್ದರಿಂದ ದಾಸರ ಪದಗಳಿಗೂ ಹಳೆಯ ಯಕ್ಷಗಾನ ಪ್ರಸಂಗಗಳಿಗೂ ಈ ತೊಡಕಿಲ್ಲ. ತಂಡಗಳು ತಮ್ಮದೇ ಹಾಡುಗಳನ್ನು ಬರೆಯಲು ಇದೊಂದು ಒಳ್ಳೆಯ ನೆಪ: ಸ್ವಂತ ರಚನೆ ಮಾತ್ರ ಎಂಬ ಸಂಜೆಯೊಂದನ್ನು ತಿಂಗಳಿಗೊಮ್ಮೆ ಇಡಿ.

ಸದ್ದು ಒಳಗಿರಲಿ, ಹಾಡು ಕೇಳಲಿ

ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ, ಇವನ್ನು ಬೆರೆಸಿದವರು ಹಣ ಕಳೆದುಕೊಳ್ಳುತ್ತಾರೆ. ಒಳಗೆ ಸದ್ದು ಮೊಳಗಿ ಮಾತು ಕಲಸಿಹೋಗುವುದು ಒಂದು. ಸದ್ದು ಹೊರಗೆ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಮೆತ್ತನೆಯ ವಸ್ತು ಬೇಕು, ಎರಡನೆಯದಕ್ಕೆ ತೂಕದ ವಸ್ತು ಬೇಕು. ಸಿಮೆಂಟ್ ಗೋಡೆಯ ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಝಣ್ ಎಂಬ ಬಾಲ ಉಳಿಯುತ್ತದೆ. ಆ ಬಾಲವನ್ನು ಕತ್ತರಿಸಲು ಹಿಂಬದಿಯ ಗೋಡೆಗೆ ಮಡಿಕೆ ಮಡಿಕೆಯಾಗಿ ದಪ್ಪ ಪರದೆ, ವೇದಿಕೆಗೆ ತೆಂಗಿನ ನಾರಿನ ಚಾಪೆ, ಪಕ್ಕದ ಗೋಡೆಗಳಿಗೆ ಮರದ ಚೌಕಟ್ಟಿನಲ್ಲಿ ರಾಕ್‌ವೂಲ್ (ಕಲ್ಲಿನ ನಾರಿನ ಹತ್ತಿ) ತುಂಬಿ ಬಟ್ಟೆ ಹೊದಿಸಿದ ಹಲಗೆಗಳು ಸಾಕು. ಮೊಟ್ಟೆಯ ಟ್ರೇ ಅಂಟಿಸುವುದು ಬೇಡ. ಅದರಿಂದ ಹೊರಗೆ ಹೋಗುವ ಸದ್ದು ಕಿಂಚಿತ್ತೂ ಕಡಿಮೆಯಾಗದು, ಬೆಂಕಿ ಬಿದ್ದರೆ ಮಾತ್ರ ಬೇಗ ಹತ್ತಿಕೊಳ್ಳುತ್ತದೆ. ಥರ್ಮಾಕೋಲ್ ಮತ್ತು ಹಾಸಿಗೆಯ ಫೋಮ್ ಇನ್ನೂ ಅಪಾಯಕಾರಿ. ಅಮೆರಿಕದ ರೋಡ್ ಐಲ್ಯಾಂಡಿನಲ್ಲಿ 2003ರಲ್ಲಿ ಒಂದು ಸಂಗೀತ ತಾಣದ ಗೋಡೆಗೆ ಅಂಟಿಸಿದ್ದ ಫೋಮಿಗೆ ವೇದಿಕೆಯ ಪಟಾಕಿಯ ಕಿಡಿ ತಗುಲಿ ನೂರು ಮಂದಿ ಸತ್ತರು.

ಹೊರಗೆ ಹೋಗುವ ಸದ್ದನ್ನು ತಡೆಯಲು ಮನೆಗಳ ಕಡೆಯ ಕಿಟಕಿಗಳನ್ನು ದಪ್ಪ ಹಲಗೆಯಿಂದ ಎರಡು ಪದರದಲ್ಲಿ ಮುಚ್ಚಿ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿ. ಗಾಳಿ ಹೋಗುವಷ್ಟು ಸಂದಿ ಉಳಿದರೂ ಸದ್ದು ಹೋಗುತ್ತದೆ. ಎಲ್ಲವನ್ನೂ ಮುಚ್ಚಿದರೆ ಏಪ್ರಿಲಿನ ಸೆಕೆಯಲ್ಲಿ ಕೂರಲಾಗದು, ಹಾಗಾಗಿ ರಸ್ತೆಯ ಕಡೆಯ ಕಿಟಕಿಗಳನ್ನು ತೆರೆದಿಟ್ಟು ಎಕ್ಸಾಸ್ಟ್ ಫ್ಯಾನ್ ಹಾಕುವುದು ನಡುವಿನ ದಾರಿ.

ಸಲಕರಣೆಯಲ್ಲಿ ಮಿತವ್ಯಯ ಸಾಧ್ಯ. ಎಂಬತ್ತು ಮಂದಿಗೆ ಹನ್ನೆರಡು ಇಂಚಿನ ಎರಡು ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥದ್ದು), ಹನ್ನೆರಡು ಚಾನೆಲಿನ ಮಿಕ್ಸರ್, ಆರು ಡೈನಾಮಿಕ್ ಮೈಕ್, ಗಿಟಾರ್, ಕೀಬೋರ್ಡುಗಳನ್ನು ಮಿಕ್ಸರಿಗೆ ಜೋಡಿಸುವ ಎರಡು ಡಿಐ ಬಾಕ್ಸ್, ಕಲಾವಿದರ ಕಡೆಗೆ ತಿರುಗಿಸಿದ ಒಂದೆರಡು ಮಾನಿಟರ್ ಸ್ಪೀಕರ್ ಸಾಕು. ಬೇಸ್ ಸದ್ದಿಗೆಂದೇ ಇರುವ ಸಬ್ ವೂಫರ್ ಪೆಟ್ಟಿಗೆ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ನೆರೆಯವರ ಜೊತೆಗಿನ ಜಗಳಗಳಲ್ಲಿ ಬಹುಪಾಲು ಆ ಪೆಟ್ಟಿಗೆಯಿಂದಲೇ ಹುಟ್ಟುತ್ತವೆ. ಸ್ಪೀಕರುಗಳು ಕುಳಿತವರ ತಲೆಯ ಮೇಲಿನ ಎತ್ತರದಲ್ಲಿ, ಮೈಕುಗಳಿಗಿಂತ ಮುಂದೆ ಇರಬೇಕು. ಮೈಕ್ ಸ್ಪೀಕರಿನ ಎದುರು ಬಂದರೆ ಕೂಗು ಹಾಕುತ್ತದೆ. ಬಾಡಿಗೆಗೆ ಬರುವ ಮೈಕ್‌ಸೆಟ್ಟಿನವರಿಗೆ ಜಾತ್ರೆಯ ಅಭ್ಯಾಸವಿರುವುದರಿಂದ ಒಂದು ಪೆಟ್ಟಿಗೆಯನ್ನು ರಸ್ತೆಯ ಕಡೆ ತಿರುಗಿಸಿಡಲು ಹೊರಡುತ್ತಾರೆ, ನಯವಾಗಿ ತಡೆಯಿರಿ.

ವಾದ್ಯಕ್ಕೆ ತಕ್ಕಂತೆ ಮೈಕ್ ಇಡಬೇಕು. ಈ ಅಳತೆಯ ಕೋಣೆಯಲ್ಲಿ ಚೆಂಡೆಗೂ ಡ್ರಮ್ ಸೆಟ್ಟಿಗೂ ಮೈಕ್ ಬೇಡ, ಅವೇ ಉಳಿದ ಸದ್ದಿನ ಅಳತೆಗೋಲು. ಭಾಗವತರ ದನಿಯನ್ನು ಚೆಂಡೆಗಿಂತ ಸ್ವಲ್ಪ ಮೇಲಕ್ಕೆ ತಂದು ಅಲ್ಲಿಗೆ ನಿಲ್ಲಿಸಿ. ಮದ್ದಳೆಗೆ ಬಲಗಡೆ ಒಂದು ಮೈಕ್ ಸಾಕು. ಡ್ರಮ್ ಬಾರಿಸುವ ಹುಡುಗನಿಗೆ ಹಗುರ ಕೋಲು ಕೊಟ್ಟು, ಹಿಂದೆ ಪರದೆ ಇಳಿಬಿಟ್ಟರೆ ಇಡೀ ತಂಡದ ಸದ್ದು ತಾನಾಗಿ ಇಳಿಯುತ್ತದೆ.

ಮಕ್ಕಳ ಕಿವಿಯ ವಿಷಯದಲ್ಲಿ ರಾಜಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತ ತಾಣಗಳಿಗೆ ನಿಗದಿಮಾಡಿದ ಗರಿಷ್ಠ ಮಿತಿ ಹದಿನೈದು ನಿಮಿಷದ ಸರಾಸರಿಯಲ್ಲಿ 100 ಡೆಸಿಬಲ್. ಚಿಕ್ಕವರಿರುವ ಕೋಣೆಯಲ್ಲಿ 90ರ ಆಸುಪಾಸಿನಲ್ಲಿ ನಿಲ್ಲಿಸುವುದು ಲೇಸು. 3 ಡೆಸಿಬಲ್ ಏರಿದಂತೆಲ್ಲ ಸುರಕ್ಷಿತವಾಗಿ ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. ಮಿಕ್ಸರ್ ಬಳಿ ಅಳೆಯುವ ಮೀಟರ್ ಎಲ್ಲರಿಗೂ ಕಾಣುವಂತಿರಲಿ, ಬಾಗಿಲಲ್ಲಿ ಇಯರ್‌ಪ್ಲಗ್ ಸಿಗಲಿ, ಶಿಶುಗಳಿರುವವರು ಕೂರಲು ಹಿಂಬದಿಯಲ್ಲಿ ಒಂದು ಸದ್ದಿಲ್ಲದ ಮೂಲೆಯಿರಲಿ.

ವಿದ್ಯುತ್ತು ಮತ್ತು ಮಳೆಗಾಲ

ಸ್ಪೀಕರ್, ಆಂಪ್ಲಿಫೈಯರ್, ಎಲ್‌ಇಡಿ ದೀಪ, ಹತ್ತು ಫ್ಯಾನುಗಳನ್ನು ಸೇರಿಸಿದರೆ ಮೂರು ಕಿಲೋವ್ಯಾಟಿನ ಹತ್ತಿರ ಬರುತ್ತದೆ. ಧ್ವನಿಗೆ ಒಂದು ಸರ್ಕ್ಯೂಟ್, ದೀಪ ಮತ್ತು ಫ್ಯಾನಿಗೆ ಇನ್ನೊಂದು ಮಾಡಿಸಿ. ತ್ರೀಫೇಸ್ ಸಂಪರ್ಕವಿದ್ದರೆ ವೇದಿಕೆಯ ಎಲ್ಲ ಪ್ಲಗ್ಗುಗಳೂ ಮಿಕ್ಸರಿನ ಪ್ಲಗ್ಗೂ ಒಂದೇ ಫೇಸಿನಲ್ಲಿ, ಒಂದೇ ಅರ್ಥಿಂಗಿನಲ್ಲಿರಬೇಕು. ಗುಂಯ್ ಎಂಬ ಸದ್ದು ಬಂದಾಗ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ದುರಭ್ಯಾಸವೊಂದಿದೆ. ಅದರಿಂದ ಗಿಟಾರ್ ಹಿಡಿದ ಕೈ ಮತ್ತು ಮೈಕಿಗೆ ತಗುಲಿದ ತುಟಿಯ ನಡುವೆ ಕರೆಂಟ್ ಹರಿಯಬಹುದು. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಇರುವುದೇ ಆ ಸದ್ದಿನ ಪರಿಹಾರಕ್ಕೆ. ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಕಡ್ಡಾಯ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಮಾರ್ಚಿನಿಂದ ಮಳೆ ಬರುವವರೆಗೆ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದಿಡಿ. ಎರಡು ಅಗ್ನಿಶಾಮಕ ಸಿಲಿಂಡರ್, ಕರೆಂಟ್ ಹೋದರೂ ಉರಿಯುವ ದಾರಿದೀಪಗಳು ಇರಬೇಕು. ಪಟಾಕಿ, ಹೂಕುಂಡ, ಮೇಣದ ಬತ್ತಿ ಒಳಗೆ ಬರಕೂಡದು. ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರಿನಲ್ಲಿ ದೈವಸ್ಥಾನದ ಬಳಿ ದಾಸ್ತಾನಿಟ್ಟ ಪಟಾಕಿಗೆ ಕಿಡಿ ಬಿದ್ದು ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡದ್ದು ಇನ್ನೂ ಹಳತಾಗಿಲ್ಲ.

ಮಳೆಗಾಲದ ತೇವ ಸಲಕರಣೆಯ ಶತ್ರು. ಮೈಕಿನ ಜಾಲರಿ ತುಕ್ಕು ಹಿಡಿಯುತ್ತದೆ, ಮಿಕ್ಸರಿನ ಗುಂಡಿಗಳು ಕರಕರ ಎನ್ನುತ್ತವೆ, ಮದ್ದಳೆಯ ಚರ್ಮ ಇಳಿಯುತ್ತದೆ. ಬಾಗಿಲಿರುವ ಕಪಾಟಿನೊಳಗೆ ಹಳೆಯ ಬಗೆಯ ಸಣ್ಣ ಬಲ್ಬೊಂದನ್ನು ಉರಿಯಬಿಟ್ಟು ಸಲಕರಣೆಯನ್ನು ಅದರಲ್ಲಿಡುವುದು ಅಗ್ಗದ ಉಪಾಯ. ಬಲ್ಬಿಗೆ ಬಟ್ಟೆ ತಗುಲದಂತೆ ನೋಡಿಕೊಳ್ಳಬೇಕು.

ಬಾಗಿಲಲ್ಲಿ ನಿಲ್ಲುವವರು

ಮದ್ಯವಿಲ್ಲ, ತಂಬಾಕಿಲ್ಲ, ಮಾದಕ ವಸ್ತುವಿಲ್ಲ, ಕೈಮಾಡುವುದಿಲ್ಲ, ಜಾತಿ ಮತ ಲಿಂಗ ಭಾಷೆಯ ಹೆಸರಿನಲ್ಲಿ ಹೀಯಾಳಿಸುವುದಿಲ್ಲ. ಈ ಐದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ತೂಗುಹಾಕಿ. ಹೊರಗೆ ಕುಡಿದು ಬಂದವರು ಯಾರೇ ಆಗಲಿ ಒಳಗೆ ಬಿಡಬಾರದು, ದಾನಿಗಳಾದರೂ ಸರಿ. ಒಮ್ಮೆ ಹೊರಗೆ ಹೋದವರು ಪದೇ ಪದೇ ಒಳಗೆ ಬರುವುದಕ್ಕೆ ಅವಕಾಶವಿರಬಾರದು. ಪೇಟೆಯ ಕತ್ತಲ ಮೂಲೆಗಳಲ್ಲಿ ಏನು ನಡೆಯುತ್ತದೆ ಎಂಬುದು ತಂದೆತಾಯಿಗಳಿಗೂ ಗೊತ್ತು.

ಪ್ರತಿ ಸಂಜೆ ಕನಿಷ್ಠ ನಾಲ್ವರು ಜವಾಬ್ದಾರಿ ಹೊತ್ತ ದೊಡ್ಡವರು ಬೇಕು, ಅವರಲ್ಲಿ ಇಬ್ಬರು ಮಹಿಳೆಯರಾಗಿರಲಿ. ಯಾವ ಸ್ವಯಂಸೇವಕರೂ ಮಗುವೊಂದರ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಬೈಕಿನಲ್ಲಿ ಮನೆಗೆ ಬಿಡುವ ಉಪಕಾರವೂ ಒಬ್ಬರಿಂದಲೇ ಆಗಬಾರದು. ಹದಿನಾಲ್ಕರ ಕೆಳಗಿನವರು ಒಬ್ಬರೇ ಬಂದರೆ ಮನೆಯವರ ಫೋನ್ ನಂಬರ್ ಬರೆದುಕೊಳ್ಳಿ. ಮಕ್ಕಳ ಫೋಟೋ ಹಾಕುವ ಮೊದಲು ಮನೆಯವರ ಒಪ್ಪಿಗೆ ಪಡೆಯಿರಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ ಸಮಿತಿಯೊಳಗೆ ಪಂಚಾಯಿತಿ ಮಾಡುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಕರೆಯ 112 ಸಂಖ್ಯೆಗಳು ಶೌಚಾಲಯದ ಬಾಗಿಲ ಒಳಬದಿಯಲ್ಲೂ ಇರಲಿ.

ನೆರೆಮನೆಗಳಿಗೆ ತಿಂಗಳ ಪಟ್ಟಿಯನ್ನು ಮೊದಲೇ ತಲುಪಿಸಿ, ಒಬ್ಬರ ಫೋನ್ ನಂಬರ್ ಕೊಡಿ, ಆ ಫೋನು ಕಾರ್ಯಕ್ರಮದ ಹೊತ್ತಿನಲ್ಲಿ ಮಿಕ್ಸರ್ ಮೇಜಿನ ಮೇಲೆಯೇ ಇರಲಿ. ಕರೆ ಬಂದರೆ ವಾದಿಸಬೇಡಿ, ಸದ್ದು ಇಳಿಸಿ. ಸ್ಕೂಟರುಗಳು ಅವರ ಗೇಟಿನೆದುರು ನಿಲ್ಲದಂತೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಸದ್ದಿಗಿಂತ ಸ್ಕೂಟರಿಗೇ ಹೆಚ್ಚು ದೂರು ಬರುತ್ತದೆ.

ವರ್ಷದ ಪಟ್ಟಿ

ನಮ್ಮ ಊರಿನ ಸಾಂಸ್ಕೃತಿಕ ವರ್ಷ ದೀಪಾವಳಿಯಿಂದ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಬಯಲಿನಲ್ಲಿ ನಡೆಯುತ್ತದೆ. ಮೇಳಗಳ ಆಟ, ನೇಮ, ತೆಯ್ಯಂ, ಉತ್ಸವ, ಉರೂಸ್ ಇವುಗಳೊಡನೆ ಪೈಪೋಟಿಗೆ ಇಳಿಯುವುದು ವ್ಯರ್ಥ. ಮೇ ಕೊನೆಯಿಂದ ಅಕ್ಟೋಬರಿನವರೆಗೆ ಬಯಲು ಖಾಲಿ, ಕಲಾವಿದರಿಗೆ ಬಿಡುವು, ಮನೆಯಲ್ಲಿ ಕುಳಿತ ಜನರಿಗೆ ಬೇಸರ. ಒಳಾಂಗಣ ತಾಣದ ಸುಗ್ಗಿಕಾಲ ಇದೇ. ಆಟಿ ತಿಂಗಳ (ಜುಲೈ-ಆಗಸ್ಟ್) ತಾಳಮದ್ದಳೆಯನ್ನು ಭಾನುವಾರಗಳಂದು ಇಟ್ಟು, ಅದೇ ಸಂಜೆಯ ಮೊದಲ ಅರ್ಧ ಗಂಟೆಯನ್ನು ಹೈಸ್ಕೂಲ್ ಮಕ್ಕಳ ಬ್ಯಾಂಡಿಗೆ ಕೊಟ್ಟರೆ ಅಜ್ಜ ಮೊಮ್ಮಗ ಇಬ್ಬರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ರಂಜಾನ್ ತಿಂಗಳಲ್ಲಿ ಇಫ್ತಾರ್ ಹೊತ್ತಿಗೆ ಕಾರ್ಯಕ್ರಮ ಇಡಬೇಡಿ. ಮಾರ್ಚಿನ ಎಸ್‌ಎಸ್‌ಎಲ್‌ಸಿ, ಪ್ಲಸ್ ಟು ಪರೀಕ್ಷೆಯ ಸಮಯದಲ್ಲಿ ಬಾಗಿಲು ಮುಚ್ಚಿ ರಿಪೇರಿ ಮಾಡಿಸಿ, ನೆರೆಮನೆಯ ಮಕ್ಕಳೂ ಓದಬೇಕಲ್ಲ.

ಹಣ

ಉದಾಹರಣೆಗೆ ಒಂದು ತಿಂಗಳ ಲೆಕ್ಕ ಹೀಗಿರಬಹುದು. ಬಾಡಿಗೆ 12,000, ವಿದ್ಯುತ್ತು 2,500, ರಿಪೇರಿ 1,500, ಶುಚಿ ನೀರು ಮುದ್ರಣ 2,000, ಒಟ್ಟು 18,000 ರೂಪಾಯಿ. ನಾಲ್ಕು ಸಂಜೆ, ತಲಾ ಐವತ್ತು ಮಂದಿ, ಟಿಕೆಟ್ ನೂರು ಎಂದರೆ 20,000. ಅದರ ಶೇಕಡಾ 60 ಕಲಾವಿದರಿಗೆ ಹೋದರೆ ತಾಣಕ್ಕೆ ಉಳಿಯುವುದು 8,000. ಟಿಕೆಟಿನಿಂದಲೇ ತಾಣ ನಡೆಯದು ಎಂಬುದು ಇಲ್ಲಿಗೆ ಸ್ಪಷ್ಟ. ತಿಂಗಳಿಗೆ ನೂರು ಕೊಡುವ ಅರವತ್ತು ಸದಸ್ಯರಿಂದ 6,000, ಹಗಲಿನಲ್ಲಿ ನಡೆಯುವ ಮೂರು ಸಂಗೀತ ತರಗತಿಗಳ ಬಾಡಿಗೆ ತಲಾ 1,500ರಂತೆ 4,500 ಸೇರಿದರೆ 18,500 ಆಗುತ್ತದೆ. ಗೋಳಿಬಜೆ ಚಹಾದ ಲಾಭವನ್ನು ಮುಟ್ಟದೆ ಆಪತ್ತಿಗೆಂದು ಬೇರೆ ಇಡಿ. ಮೊದಲು ಅರವತ್ತು ಸದಸ್ಯರನ್ನು ಹುಡುಕಿ, ಆಮೇಲೆ ಬಾಡಿಗೆ ಪತ್ರಕ್ಕೆ ಸಹಿ ಹಾಕಿ.

ಕಲಾವಿದರ ಪಾಲನ್ನು ಅದೇ ಸಂಜೆ, ಟಿಕೆಟಿನ ಬುಡಗಳನ್ನು ಅವರ ಎದುರೇ ಎಣಿಸಿ, ಯುಪಿಐ ಮೂಲಕ ಕೊಡಿ. ಹೈಸ್ಕೂಲ್ ಹುಡುಗರ ತಂಡವಾದರೂ ಇದೇ ಕ್ರಮ. ವೇದಿಕೆ ಕೊಟ್ಟದ್ದೇ ಸಂಭಾವನೆ ಎಂಬ ಮಾತು ಇಲ್ಲಿ ಬೇಡ. ದುಡ್ಡಿಲ್ಲವೆಂದು ಯಾವ ವಿದ್ಯಾರ್ಥಿಯನ್ನೂ ಹಿಂದೆ ಕಳಿಸಬಾರದು, ಕುರ್ಚಿ ಜೋಡಿಸಿದವರಿಗೆ ಟಿಕೆಟ್ ಬೇಡ ಎಂಬ ನಿಯಮವಿರಲಿ. ದಾನಿಗಳ ಬ್ಯಾನರನ್ನು ವೇದಿಕೆಯ ಹಿಂದೆ ತೂಗುಹಾಕದೆ ಹೊರಗೋಡೆಗೆ ಸೀಮಿತಗೊಳಿಸಿ, ಚುನಾವಣೆಯ ವರ್ಷದಲ್ಲಿ ಯಾವ ಪಕ್ಷದ ಹಣವನ್ನೂ ಪಡೆಯಬೇಡಿ.

ತಿಂಗಳ ಲೆಕ್ಕವನ್ನು ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸಿ. ಪ್ರತಿ ವಸ್ತುವಿಗೂ ನಂಬರ್ ಹಾಕಿ, ಅದು ಸಂಘದ್ದೋ, ಎರವಲೋ, ಯಾರದು ಎಂದು ರಿಜಿಸ್ಟರಿನಲ್ಲಿ ಬರೆಯಿರಿ. ಎರಡು ವರ್ಷಕ್ಕೊಮ್ಮೆ ಕಾರ್ಯದರ್ಶಿ ಬದಲಾಗಲಿ, ಹೊಸಬರು ಮೂರು ತಿಂಗಳು ಹಳಬರ ಜೊತೆಗಿದ್ದು ಪರವಾನಗಿಗಳ ಅವಧಿ, ಮೀಟರಿನ ಸಂಖ್ಯೆ, ಬಾಡಿಗೆಯ ತಾರೀಕು ಎಲ್ಲವನ್ನೂ ತಿಳಿದುಕೊಳ್ಳಲಿ. ಹುಡುಗರು ಓದಿಗೋ ಕೆಲಸಕ್ಕೋ ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಹೋಗುವುದು ನಮ್ಮಲ್ಲಿ ಖಚಿತವಾಗಿರುವುದರಿಂದ ಮಿಕ್ಸರ್ ನಿಭಾಯಿಸಬಲ್ಲವರು ಯಾವಾಗಲೂ ಮೂವರಿರಬೇಕು, ಅವರಲ್ಲೊಬ್ಬರು ಒಂಬತ್ತನೇ ತರಗತಿಯವರಾಗಿರಬೇಕು.